ಚೌಕಳಿ ಕಾಗದದ ಹಂಸ

“ಗುರುಗಳೇ, ನನ್ನ ಹತ್ತಿರ ಒಬ್ಬ ಕಲಿಯಲು ಬಂದಿದ್ದಾನೆ. ಚಿತ್ರವನ್ನೂ ಬಿಡುವುದಿಲ್ಲ, ಯಂತ್ರವನ್ನೂ ಬಿಡುವುದಿಲ್ಲ. ಚಿತ್ರದವರು ಇವನು ನಮ್ಮವನಲ್ಲ ಅನ್ನುತ್ತಾರೆ, ಯಂತ್ರದವರೂ ಹಾಗೇ ಅನ್ನುತ್ತಾರೆ. ನನ್ನ ಕಣ್ಣಿಗೂ ಸೊಟ್ಟಗೇ ಕಾಣುತ್ತಾನೆ. ಕಳಿಸಿಬಿಡಲೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದೂರಿನಲ್ಲಿ ಒಬ್ಬ ಚಿತ್ರಗಾರ, ಒಬ್ಬ ನೇಕಾರ. ಇಬ್ಬರ ನಡುವೆ ಒಬ್ಬ ಹೆಂಗಸು. ಚಿತ್ರಗಾರ ಬರೆದದ್ದನ್ನು ಚೌಕಳಿ ಕಾಗದಕ್ಕೆ ಇಳಿಸಿ, ಒಂದು ಚೌಕಕ್ಕೆ ಒಂದು ಎಳೆಯಂತೆ ರಟ್ಟಿಗೆ ತೂತು ಹೊಡೆಯುವುದು ಅವಳ ಕೆಲಸ. ಆ ತೂತು ಹೇಳಿದಂತೆ ಮಗ್ಗ ನೆಯ್ಯುತ್ತದೆ.

ಮೊದಲ ಸಲ ಅವಳು ಸೆರಗಿಗೆ ಹಂಸ ಇಳಿಸಿದಳು. ಬಟ್ಟೆಯಲ್ಲಿ ಅದು ಕತ್ತು ಚಾಚಿಕೊಂಡು ಬಡಕಲಾಗಿ ನಿಂತಿತ್ತು.

“ಹಂಸ ಕೊಟ್ಟರೆ ಕೊಕ್ಕರೆ ಮಾಡಿದ್ದೀಯಲ್ಲಮ್ಮ,” ಎಂದ ಚಿತ್ರಗಾರ.

ನೇಕಾರ ನಗಲಿಲ್ಲ. “ಇನ್ನೊಂದು ಸೀರೆ ಕೆಟ್ಟರೆ ಬೇರೆ ಕೆಲಸ ನೋಡಿಕೋ,” ಎಂದ.

ಜೀವನವೆಲ್ಲ ರಟ್ಟು ಹೊಡೆದ ಒಬ್ಬ ಮುದುಕನಿದ್ದ. ಅವಳು ಅವನ ಬಳಿಗೆ ಹೋದಳು. ತಪ್ಪು ಎಲ್ಲಿದೆ ಅಂತ ಅವನು ಹೇಳಲಿಲ್ಲ. ಒಂದು ಸೂಜಿ ಕೊಟ್ಟು, “ಬಟ್ಟೆಯಲ್ಲಿ ಅಂಗುಲಕ್ಕೆ ಎಷ್ಟು ಎಳೆ, ಎಣಿಸು,” ಎಂದ. ಉದ್ದದ ಎಳೆ ಎಂಬತ್ತು, ಅಡ್ಡದ ಎಳೆ ಅರವತ್ತು. ಕಾಗದದ ಮೇಲಾದರೋ ಎರಡೂ ಕಡೆ ಸಮ. ಉದ್ದದ ಎಳೆ ಒತ್ತಾಗಿದ್ದರಿಂದ ಹಂಸ ಅಗಲದಲ್ಲಿ ಹಿಂಡಿಹೋಗಿತ್ತು.

ಈ ಸಲ ಅವಳು ಕಾಗದದ ಮೇಲೆ ಹಂಸವನ್ನು ಬೇಕೆಂದೇ ಅಗಲ ಮಾಡಿದಳು. “ಇದೇನು, ಬಾಣಂತಿ ಬಾತುಕೋಳಿಯಾ?” ಎಂದ ಚಿತ್ರಗಾರ. ನೇಕಾರ ಮಗ್ಗಕ್ಕೆ ರಟ್ಟು ಹಾಕಲೇ ಒಪ್ಪಲಿಲ್ಲ. ಅವಳು ಕಾಗದ ಸುತ್ತಿಕೊಂಡು ಮತ್ತೆ ಮುದುಕನ ಬಳಿಗೆ ಬಂದಳು.

“ಅಳಿಸಿಬಿಡಲೇ ಅಜ್ಜ?”

“ನೀನು ಎಣಿಸಿದ್ದು ಸುಳ್ಳಾ?”

“ಇಲ್ಲ.”

“ಮತ್ತೆ ಯಾಕೆ ಅಳಿಸ್ತೀಯ?”

ಮುದುಕ ಎದ್ದು ಅವಳ ಜೊತೆಗೇ ನೇಕಾರನ ಮನೆಗೆ ಹೋದ. “ಹಾಕಪ್ಪಾ. ಕೆಟ್ಟರೆ ನನ್ನ ಹೆಸರು ಕೆಡಲಿ,” ಎಂದು ಮಗ್ಗದ ಪಕ್ಕದಲ್ಲೇ ಕೂತುಬಿಟ್ಟ. ನೇಕಾರ ಗೊಣಗುತ್ತಲೇ ಶುರು ಮಾಡಿದ. ಒಂದು ಗೇಣು ಬಟ್ಟೆ ಇಳಿಯುವ ಹೊತ್ತಿಗೆ ಗೊಣಗಾಟ ನಿಂತಿತು. ಹಂಸ ಹಂಸದ ಹಾಗೇ ಬಂದಿತ್ತು.

ಗುರುಗಳು ಅಲ್ಲಿಗೆ ಕತೆ ಬಿಟ್ಟರು.

“ಸರಿ, ನನ್ನ ಹತ್ತಿರ ಬಂದವನನ್ನು ಏನು ಮಾಡಲಿ?” ಎಂದ ಶಿಷ್ಯ.

“ಅವನು ಸೊಟ್ಟ ಅಂದೆಯಲ್ಲ, ನೀನು ನೋಡಿದ್ದು ಕಾಗದದ ಮೇಲೋ, ಬಟ್ಟೆಯ ಮೇಲೋ?”