ಗಂಟೆಗೊಂದು ಗಂಟು

“ಗುರುಗಳೇ, ಸ್ಟುಡಿಯೊ ಒಂದರವರು ಗಂಟೆಗೆ ನೂರೈವತ್ತು ರೂಪಾಯಿಯ ಕೆಲಸಕ್ಕೆ ಕರೆಯುತ್ತಿದ್ದಾರೆ. ನಾನೋ ಸ್ವಂತವಾಗಿ ಫೋಟೊ ತೆಗೆದು ಗಂಟೆಗೆ ಎರಡು ಸಾವಿರ ಪಡೆಯುವವಳು. ಆದರೂ ತಿಂಗಳ ಕೊನೆಗೆ ಕೈ ಖಾಲಿ. ನಾಳೆ ಅವರಿಗೆ ಉತ್ತರ ಕೊಡಬೇಕು. ನನ್ನ ಎರಡು ಸಾವಿರ ಎಲ್ಲಿಗೆ ಹೋಗುತ್ತದೆ?” ಎಂದು ಶಿಷ್ಯೆ ಮಂದಾಕಿನಿ ಕೇಳಿದಳು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಫೋಟೊಗ್ರಾಫರ್ ಇದ್ದ. ಯಾರ ಕೈಕೆಳಗೂ ಇರಲಿಲ್ಲ. ಕರೆದವರ ಮನೆಗೆ ಹೋಗುತ್ತಿದ್ದ. ಒಮ್ಮೆ ಬೆಲ್ಲದ ವ್ಯಾಪಾರಿಯೊಬ್ಬನ ಮೊಮ್ಮಗಳ ನಾಮಕರಣಕ್ಕೆ ಹೋದ. ಮೂರು ಗಂಟೆಯ ಕೆಲಸ, ಆರು ಸಾವಿರ ರೂಪಾಯಿ. ತೊಟ್ಟಿಲಿಗೆ ಹೂ ಕಟ್ಟುತ್ತಿದ್ದ ಹೂವಾಡಗಿತ್ತಿ ಕೇಳದಿದ್ದರೂ ಅವಳಿಗೆ ಹೇಳಿದ.

“ಗಂಟೆಗೆ ಎರಡು ಸಾವಿರ ಬೀಳುತ್ತೆ ಅಕ್ಕಾ. ನಿನಗೆ?”

“ನೂರು.”

ಅವನಿಗೆ ಅಯ್ಯೋ ಪಾಪ ಅನ್ನಿಸಿತು.

“ಅದಿರಲಿ ಅಣ್ಣಾ, ನಿನ್ನ ಗಂಟೆ ಶುರುವಾಗೋದು ಯಾವಾಗ?”

“ಕ್ಯಾಮೆರಾ ಕೈಗೆ ತೆಗೆದುಕೊಂಡಾಗ.”

“ನನ್ನದು ಬೆಳಗಿನ ಜಾವ ಮಾರ್ಕೆಟ್ಟಿನಲ್ಲೇ ಶುರು. ತೊಟ್ಟಿಲು ಮುಟ್ಟಿದಾಗಿನಿಂದ ಎಣಿಸಿದರೆ ನಾನೂ ಸಾವಿರದವಳೇ!” ಎಂದು ನಕ್ಕು, ಉದ್ದನೆಯ ಬಾಳೆನಾರೊಂದನ್ನು ಸೀಳಿ ಕೊಟ್ಟಳು. “ಈ ಕೆಲಸಕ್ಕೆ ಗಂಟೆಗೊಂದು ಗಂಟು ಹಾಕುತ್ತಾ ಹೋಗು. ಮುಗಿದ ಮೇಲೆ ತಂದು ತೋರಿಸು.”

ಹೋಗಿ ಬರುವುದಕ್ಕೆ ಎರಡು ಗಂಟು ಬಿತ್ತು. ಮಗು ಏಳಲೆಂದು ಕಾದದ್ದಕ್ಕೆ ಒಂದು. ಒಂಬೈನೂರು ಫೋಟೊಗಳಲ್ಲಿ ಕಣ್ಣು ಮುಚ್ಚದವರನ್ನು ಹುಡುಕಿದ. ವ್ಯಾಪಾರಿಯ ತಲೆಯ ಹಿಂದಿನ ಫ್ಯಾನು ಅಳಿಸಿದ. ಅವನ ತಮ್ಮನ ಹೊಟ್ಟೆ ಇಳಿಸಿದ. ನಾರಿನ ತುಂಬಾ ಗಂಟಾಯಿತು. ಆಮೇಲೆ “ಆಲ್ಬಂ ಯಾವಾಗ?” ಎಂಬ ಫೋನುಗಳು. ಹೊಟ್ಟೆ ಇನ್ನೂ ಸ್ವಲ್ಪ ಇಳಿಯಬೇಕೆಂದು ಆಲ್ಬಂ ಒಮ್ಮೆ ವಾಪಸೂ ಬಂತು.

ಕೊನೆಗೆ ಗಂಟುಗಳನ್ನು ಎಣಿಸಿದ. ಮೂವತ್ತೊಂಬತ್ತು. ಪೆಟ್ರೋಲು, ಆಲ್ಬಂ ಖರ್ಚು ಕಳೆದು ಉಳಿದದ್ದು ಮೂರು ಸಾವಿರದ ಒಂಬೈನೂರು.

ನಾರು ಹಿಡಿದು ಹೂವಾಡಗಿತ್ತಿಯ ಬಳಿ ಹೋದ. “ಅಕ್ಕಾ, ನನಗೂ ನೂರೇ.”

ಅವಳು ಗಂಟುಗಳ ಮೇಲೆ ಬೆರಳಾಡಿಸಿದಳು. “ನನ್ನ ನಾರಿನ ದುಡ್ಡು ಕಳೆದೆಯೇನಣ್ಣಾ?”

ಗುರುಗಳು ಕತೆ ನಿಲ್ಲಿಸಿದರು. ಮಂದಾಕಿನಿ ಬೆರಳು ಮಡಚಿ ಏನೇನೋ ಎಣಿಸಿದಳು. ಅವಳ ಮುಖ ಅರಳಿತು.

“ಹಾಗಾದರೆ ಸ್ಟುಡಿಯೊದವರ ನೂರೈವತ್ತೇ ಹೆಚ್ಚಾಯಿತಲ್ಲ ಗುರುಗಳೇ! ನಾಳೆಯೇ ಒಪ್ಪಿಕೊಳ್ಳುತ್ತೇನೆ.”

ಗುರುಗಳು ಕೇಳಿದರು: “ಅವರ ಗಂಟೆ ಶುರುವಾಗುವುದು ಯಾವಾಗ?”

ಮಂದಾಕಿನಿ ಮಡಚಿದ ಬೆರಳು ಬಿಡಿಸಿ, ಅದನ್ನೇ ಕೇಳಲು ಸ್ಟುಡಿಯೊದವರಿಗೆ ಫೋನು ಮಾಡಿದಳು.