ಕಲ್ಲು ಸರಿಸಿದ ದಿನ

ಉಪ್ಪುನೀರಿನ ಗಾಜಿನ ತೊಟ್ಟಿಯೊಂದರಲ್ಲಿ ನೀಲಿ ಮೀನು ಹಗಲಿಡೀ ಒಂದು ಕಲ್ಲುಸಂದಿಯನ್ನು ಕಾಯುತ್ತಿತ್ತು. ಪಕ್ಕದಲ್ಲಿ ಮುದಿ ಹವಳವಿತ್ತು. ಒಂದು ದಿನ ಮನೆಯಾಕೆ ಹಳದಿ ಮೀನೊಂದನ್ನು ತಂದು, ತೊಟ್ಟಿಯ ನೀರಿಗೆ ಒಗ್ಗಲೆಂದು, ಅದಿದ್ದ ಪ್ಲಾಸ್ಟಿಕ್ ಚೀಲವನ್ನು ಹಾಗೇ ತೇಲಿಬಿಟ್ಟಳು.

ನೀಲಿ ಮೀನು ಚೀಲಕ್ಕೆ ಮೂತಿಯಿಂದ ಗುದ್ದಿತು. “ಕೇಳಿಲ್ಲಿ. ಆ ಸಂದಿ ಮೊದಲಿನಿಂದಲೂ ನನ್ನದು. ಅತ್ತ ಸುಳಿದರೆ ಜೋಕೆ!”

“ಇಲ್ಲ ಅಣ್ಣ, ನನಗೆ ಒಂದು ಮೂಲೆ ಸಿಕ್ಕರೆ ಸಾಕು,” ಎಂದಿತು ಹಳದಿ ಮೀನು.

“ಇನ್ನೇನು, ಕೈ ಬರುತ್ತೆ,” ಎಂದು ಹವಳ ಬೇಸರದಿಂದ ಹೇಳಿತು.

ಕೈ ಬಂತು. ಹಳೆಯ ಮೀನು ತನ್ನ ಜಾಗವೆಂದು ಹೊಸದನ್ನು ಕಚ್ಚಿ ಕೊಲ್ಲಬಾರದು, ಅದಕ್ಕೆ ಆ ಜಾಗದ ಗುರುತೇ ಸಿಗಬಾರದು ಎಂದು ಮನೆಯಾಕೆ ಕಲ್ಲುಗಳನ್ನೆಲ್ಲ ಅದಲುಬದಲು ಮಾಡಿದಳು. ಹವಳವನ್ನೂ ಎತ್ತಿ ಬೇರೆ ಕಡೆ ಇಟ್ಟಳು. ಆಮೇಲೆ ಚೀಲ ಬಿಚ್ಚಿದಳು.

ನೀಲಿ ಮೀನು ಕಲ್ಲಿಂದ ಕಲ್ಲಿಗೆ ಅಲೆಯಿತು. ತನ್ನ ಸಂದಿ ಎಲ್ಲಿ ಹೋಯಿತೆಂದೇ ತಿಳಿಯಲಿಲ್ಲ. ಕೊನೆಗೆ ಸುಸ್ತಾಗಿ, ಕಣ್ಣಿಗೆ ಬಿದ್ದ ಸಂದಿಯೊಂದಕ್ಕೆ ತಲೆ ಹಾಕಿತು. ಒಳಗಿಂದ ಹಳದಿ ಮೀನು ಗದರಿತು: “ಯಾರದು? ಇದು ನನ್ನ ಜಾಗ!”

ನೀಲಿ ಮೀನು ಹವಳದ ಕಡೆ ತಿರುಗಿತು. “ಕೇಳಿದೆಯಾ ಅಜ್ಜಿ, ಈಗ ತಾನೇ ಬಂದವನ ಮಾತು?”

“ಎಷ್ಟು ಸಲ ಅಂತ ಕೇಳಲಪ್ಪ,” ಎಂದಿತು ಹವಳ. “ನೀನು ಬಂದ ದಿನವೂ ಕಲ್ಲು ಸರಿಸಿದ್ದರು. ಆವತ್ತು ಸಂದಿಯ ಒಳಗಿದ್ದವನು ನೀನು.”