ಕೆಂಚಾಪುರದ ದೊರೆಯ ಮೂರು ಇಂಗ್ಲಿಷ್ ಮಾತು

"ಎಬಿಲಿಟಿ, ಕೆಪ್ಯಾಸಿಟಿ, ಪವರ್. ಮೂರೂ ಒಂದೇ," ಎಂದರು ಕೆಂಚಾಪುರದ ದೊರೆ ಸೋಮಭೂಪಾಲರು. "ಮೂರಕ್ಕೂ ನಾವು ಶಕ್ತಿ ಅಂತೀವಿ."

ಇಂಗ್ಲಿಷ್ ಕಲಿಸುತ್ತಿದ್ದ ಶೇಷಾಚಲ ಮೇಷ್ಟ್ರು ಸುಮ್ಮನಿರಬಹುದಿತ್ತು. ಇರಲಿಲ್ಲ. "ಹಾಗಲ್ಲ ಮಹಾಸ್ವಾಮಿ. ಎಬಿಲಿಟಿ ಅಂದರೆ ಮಾಡಬಲ್ಲ ಜಾಣ್ಮೆ. ಕೆಪ್ಯಾಸಿಟಿ ಅಂದರೆ ಎಷ್ಟು ಹಿಡಿದೀತು ಅನ್ನೋದು. ಪವರ್ ಅಂದರೆ ಅಧಿಕಾರ."

"ಅದು ನಿಮ್ಮಂಥವರಿಗೆ. ದೊರೆಯಾದವನಿಗೆ ಮೂರೂ ಒಂದೇ. ನಮ್ಮಿಂದ ಆಗದ್ದು ಯಾವುದಿದೆ? ಬೇರೆ ಬೇರೆ ಅನ್ನೋದಾದರೆ ನಾಳೆ ಊಟ ಮುಗಿಯೋದರೊಳಗೆ ತೋರಿಸಿ. ಇಲ್ಲವೋ, ಗಂಟುಮೂಟೆ ಕಟ್ಟಿ."

ತುಂಬು ಬಸುರಿ ಹೆಂಡತಿಯನ್ನು ಕರೆದುಕೊಂಡು ಎಲ್ಲಿಗೆ ಹೋಗುವುದು? ಮೇಷ್ಟ್ರು ಆಸ್ಥಾನದ ಜಾಣ ಬೊಪ್ಪಣ್ಣನ ಮನೆಗೆ ಓಡಿದರು.

ಬೊಪ್ಪಣ್ಣ ಎಲ್ಲ ಕೇಳಿ, "ನಾಳೆ ಹೋಳಿಗೆ ಮಾಡಿಸ್ತೀನಿ. ನೀವು ಮಾತ್ರ ಬಾಯಿ ಬಿಡಬೇಡಿ ಮೇಷ್ಟ್ರೇ," ಎಂದ.

ಅರಮನೆಯ ಪಂಕ್ತಿಗೆ ದೊರೆಯೇ ಹಾಕಿದ ಕಟ್ಟಳೆಯೊಂದಿತ್ತು. ಎಲೆಯಲ್ಲಿ ಏನಾದರೂ ಉಳಿದರೆ, ಯಾರೇ ಆಗಲಿ, ಮೇಲೇಳಕೂಡದು. ಎಷ್ಟೋ ಮುದಿ ಸರದಾರರು ಕೊನೆಯ ತುತ್ತನ್ನು ನೀರಿನ ಜೊತೆ ನುಂಗಿ ಬದುಕಿಕೊಂಡಿದ್ದರು.

ಮರುದಿನ ಅಡುಗೆಯ ವೆಂಕಾಭಟ್ಟರ ಹೋಳಿಗೆ ಬಾಯಲ್ಲಿಟ್ಟರೆ ಕರಗುವಂತಿತ್ತು. ದೊರೆ ತಿಂದರು, ಮತ್ತೆ ತಿಂದರು.

"ಸಾಕೇ ಮಹಾಸ್ವಾಮಿ?" ಎಂದ ಬೊಪ್ಪಣ್ಣ.

"ಸಾಕು ಅನ್ನೋಕೆ ನಾವೇನು ಆ ಮೇಷ್ಟ್ರ ಥರದವರೇ? ಬಡಿಸಿ."

ಭಟ್ಟರು ಬಡಿಸಿದರು, ತುಪ್ಪ ಸುರಿದರು. ದೊರೆಯ ಹಣೆಯಲ್ಲಿ ಬೆವರು ಮೂಡಿತು. ಎಲೆಯಲ್ಲಿ ಇನ್ನೂ ಎರಡು ಹೋಳಿಗೆ ಇದ್ದಾಗ ಕೈ ನಿಂತಿತು.

"ಇನ್ನು ಹಿಡಿಯೋದಿಲ್ಲ."

ಇಡೀ ಪಂಕ್ತಿ ದೊರೆಯ ಎಲೆಯನ್ನೇ ನೋಡುತ್ತಿತ್ತು. ಕೊನೆಯಲ್ಲಿ ಕೂತಿದ್ದ ಮೇಷ್ಟ್ರೂ ಕತ್ತು ಚಾಚಿದರು.

"ಆ ಕಟ್ಟಳೆ ಈ ಗಳಿಗೆಯಿಂದ ರದ್ದು," ಎಂದರು ದೊರೆ.

ಬೊಪ್ಪಣ್ಣ ಕೈಮುಗಿದ. "ರದ್ದು ಅಂದಿರಿ, ರದ್ದಾಯ್ತು. ಅದು ಪವರ್. ಹೊಟ್ಟೆ ಹಿಡಿಯೋದಿಲ್ಲ ಅಂದಿತು. ಅದು ಕೆಪ್ಯಾಸಿಟಿ. ಎರಡೂ ಒಂದೇ ಆಗಿದ್ದರೆ, ಅಪ್ಪಣೆ ಕೊಟ್ಟ ಕೂಡಲೇ ಆ ಹೋಳಿಗೆಗಳೂ ಒಳಗೆ ಹೋಗಬೇಕಿತ್ತು."

ದೊರೆ ಎಲೆ ನೋಡಿದರು, ಹೊಟ್ಟೆ ನೋಡಿಕೊಂಡರು. "ಮತ್ತೆ ಎಬಿಲಿಟಿ? ಅದು ನಿನ್ನದೋ?"

"ಛೆ, ನನ್ನದೆಲ್ಲಿ ಬಂತು ಮಹಾಸ್ವಾಮಿ. ವೆಂಕಾಭಟ್ಟರದು. ಮೇಷ್ಟ್ರು ಇಷ್ಟು ದಿನ ಒದ್ದಾಡಿದರೂ ತಲೆಗೆ ಹೋಗದ್ದನ್ನ, ಅವರು ಹೊಟ್ಟೆಯ ದಾರಿಯಲ್ಲಿ ಕಳಿಸಿದರು."

ದೊರೆ ನಗಲು ನೋಡಿದರು, ಹೊಟ್ಟೆ ಬಿಡಲಿಲ್ಲ. ಊರಲ್ಲೇ ಇರಿ ಎಂದು ಮೇಷ್ಟ್ರಿಗೆ ಕೈಸನ್ನೆಯಲ್ಲೇ ಹೇಳಿದರು.